ನೇಕಾರನ ಮಿದುಳು

ಹೋದ ಅಕ್ಟೋಬರಿನಲ್ಲಿ ಗೆಳತಿಯರ ಜೊತೆ ಫ್ರಾನ್ಸಿನ ಲಿಯಾನ್ ಊರಿಗೆ ಹೋಗಿದ್ದೆ. ಬಂದ ಮೇಲೆ ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಕೇಳಿದವರಿಗೆಲ್ಲ ಫೋಟೋ ತೋರಿಸಿದ್ದೇನೆ. ನದಿ ಚೆನ್ನಾಗಿತ್ತು, ಚರ್ಚು ಚೆನ್ನಾಗಿತ್ತು, ಊಟ ಚೆನ್ನಾಗಿತ್ತು ಅಂತ ಹೇಳಿದ್ದೇನೆ. ಎಲ್ಲ ನಿಜವೇ. ಆದರೆ ನನ್ನನ್ನು ಕಾಡುತ್ತಿರುವುದು ಆ ಫೋಟೋಗಳಲ್ಲಿ ಇಲ್ಲ. ಎರಡನೇ ದಿನ ರಾತ್ರಿ ಊಟದ ಮೇಜಿಗೆ ಒಂದು ಪುಟ್ಟ ಬಟ್ಟಲು ಬಂತು. ಗಟ್ಟಿ ಮೊಸರಿನಂಥದ್ದು. ಅದರೊಳಗೆ ಸಣ್ಣಗೆ ಹೆಚ್ಚಿದ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ, ಮೇಲೆ ಒಂದೆರಡು ಹನಿ ಎಣ್ಣೆ. ಪಕ್ಕದಲ್ಲಿ ಬ್ರೆಡ್ಡು. ಅದರ ಹೆಸರಿನ ಅರ್ಥ ಗೊತ್ತಾದಾಗ ನನಗೆ ಗಂಟಲು ಕಟ್ಟಿತು. ಯಾಕೆ ಅಂತ ಆವತ್ತು ಗೆಳತಿಯರಿಗೆ ಅರ್ಧಂಬರ್ಧ ಹೇಳಿದೆ. ಪೂರ್ತಿ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಲಿಯಾನ್‌ಗೂ ಹೋಗಬೇಕು, ದೊಡ್ಡಬಳ್ಳಾಪುರಕ್ಕೂ ಹೋಗಬೇಕು.

ನಾವು ನಾಲ್ವರು ಬೆಂಗಳೂರಿನ ಒಂದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಒಂದೇ ಹಾಸ್ಟೆಲ್‌ನಲ್ಲಿ ಇದ್ದವರು. ಒಬ್ಬಳು ಧಾರವಾಡದವಳು, ಒಬ್ಬಳು ಮಂಗಳೂರಿನವಳು. ಇನ್ನೊಬ್ಬಳು ಈಗ ಪ್ಯಾರಿಸ್‌ನಲ್ಲಿ ಕೆಲಸದಲ್ಲಿದ್ದಾಳೆ. ನಾನು ದೊಡ್ಡಬಳ್ಳಾಪುರದವಳು. ಎಲ್ಲರೂ ಒಟ್ಟಿಗೆ ಸೇರಿ ಎಂಟು ವರ್ಷವಾಗಿತ್ತು. ಪ್ಯಾರಿಸ್‌ನವಳೇ ಫೋನ್ ಮಾಡಿ, "ಪ್ಯಾರಿಸ್ ಎಲ್ಲರೂ ನೋಡ್ತಾರೆ ಕಣ್ರೇ, ತಿನ್ನೋದಾದ್ರೆ ಲಿಯಾನ್‌ಗೆ ಹೋಗೋಣ" ಅಂದಳು. ಪ್ಯಾರಿಸ್‌ನಿಂದ ಲಿಯಾನ್‌ಗೆ ಟಿಜಿವಿ ರೈಲಿನಲ್ಲಿ ಎರಡೇ ತಾಸು. ಆ ವೇಗದ ರೈಲು ಫ್ರಾನ್ಸಿನಲ್ಲಿ ಮೊದಲು ಓಡಿದ್ದೇ ಈ ಎರಡು ಊರುಗಳ ನಡುವೆ, 1981ರಲ್ಲಿ. ಕಿಟಕಿಯ ಆಚೆ ಹೊಲ, ದನ, ಮತ್ತೆ ಹೊಲ. ಮಾತು ಶುರುವಾಗಿ ಮುಗಿಯುವುದರೊಳಗೆ ಊರು ಬಂದೇ ಬಿಟ್ಟಿತು.

ಪ್ರಾರ್ಥನೆಯ ಗುಡ್ಡ, ದುಡಿಮೆಯ ಗುಡ್ಡ

ಲಿಯಾನ್‌ನಲ್ಲಿ ಎರಡು ನದಿ, ಎರಡು ಗುಡ್ಡ. ರೋನ್ ಮತ್ತು ಸೋನ್ ನದಿಗಳು ಊರನ್ನು ಎರಡೂ ಕಡೆಯಿಂದ ಹಿಡಿದುಕೊಂಡು, ದಕ್ಷಿಣದಲ್ಲಿ ಒಂದಾಗುತ್ತವೆ. ಫೂರ್ವಿಯೇರ್ ಗುಡ್ಡವನ್ನು ಊರಿನವರು ಪ್ರಾರ್ಥನೆ ಮಾಡುವ ಗುಡ್ಡ ಅನ್ನುತ್ತಾರೆ. ಕ್ರುವಾ ರೂಸ್ ಗುಡ್ಡವನ್ನು ದುಡಿಯುವ ಗುಡ್ಡ ಅನ್ನುತ್ತಾರೆ. ಮೊದಲನೆಯದರ ಮೇಲೆ ಬಸಿಲಿಕಾ ಅನ್ನುವ ದೊಡ್ಡ ಚರ್ಚು, ಎರಡನೆಯದರ ಮೇಲೆ ರೇಷ್ಮೆ ಮಗ್ಗಗಳು. ನಮ್ಮ ಮೊದಲ ದಿನ ಪೂರ್ತಿ ಪ್ರಾರ್ಥನೆಯ ಗುಡ್ಡಕ್ಕೆ ಹೋಯಿತು. ಹಗ್ಗ ಎಳೆಯುವ ಪುಟ್ಟ ರೈಲಿನಲ್ಲಿ ಮೇಲೆ ಹತ್ತಿದೆವು. ಬಿಳಿ ಬಸಿಲಿಕಾದ ನಾಲ್ಕು ಮೂಲೆಗೆ ನಾಲ್ಕು ಗೋಪುರ. ಅದನ್ನು ನೋಡಿ ಊರಿನವರು ಅಂಗಾತ ಮಲಗಿದ ಆನೆ ಅಂತ ಹೆಸರಿಟ್ಟಿದ್ದಾರೆ. ಒಮ್ಮೆ ಕೇಳಿದ ಮೇಲೆ ಆನೆಯ ಕಾಲೇ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ಪಕ್ಕದಲ್ಲೇ ರೋಮನ್ನರ ಕಾಲದ ಬಯಲು ರಂಗಮಂದಿರ. ಕ್ರಿಸ್ತಪೂರ್ವ 43ರಲ್ಲಿ ರೋಮನ್ನರು ಇಲ್ಲಿ ಊರು ಕಟ್ಟಿದರು. ಕಲ್ಲಿನ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿಂದೆವು. ಕೆಳಗೆ ಕೆಂಪು ಹೆಂಚಿನ ಊರು ಬಿಸಿಲಿಗೆ ಹರಡಿಕೊಂಡಿತ್ತು.

ಬಾಳೆಹಣ್ಣು ತಿಂದಿದ್ದಕ್ಕೂ ಕಾರಣವಿದೆ. ಆವತ್ತು ಮಧ್ಯಾಹ್ನದ ಊಟ ತಪ್ಪಿಹೋಗಿತ್ತು. ಹಳೇ ಊರಿನ ಗಲ್ಲಿಗಳಲ್ಲಿ ಸುತ್ತಿ ಸುತ್ತಿ, ಒಂದು ಊಟದ ಮನೆಯ ಬಾಗಿಲಿಗೆ ಹೋದಾಗ ಎರಡೂಕಾಲು ಗಂಟೆ. ಒಳಗೆ ಇನ್ನೂ ಜನ ಉಣ್ಣುತ್ತಿದ್ದರು. ಬಾಗಿಲಲ್ಲಿ ನಿಂತಿದ್ದಾತ ಅಡುಗೆಮನೆ ಮುಚ್ಚಿದೆ ಅಂದ. ಅಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ, ರಾತ್ರಿಯದು ಏಳರ ಮೇಲೆ. ನಡುವೆ ಹಸಿವಾಗಬಾರದು. ನಮ್ಮಲ್ಲಿ ಯಾವ ಹೊತ್ತಿಗೆ ಹೋದರೂ ಹೋಟೆಲಿನವರು ಒಂದು ದೋಸೆಯಾದರೂ ಹಾಕಿಕೊಡುತ್ತಾರೆ, ಅಲ್ವಾ? ಧಾರವಾಡದವಳಿಗೆ ಸಿಟ್ಟು ಬಂತು. "ಊಟಕ್ಕಂತನ ಬಂದೇವಿ, ಬಾಗಲಾ ಹಾಕ್ಕೋತಾರ ನೋಡ!" ಅಂದಳು. ಪ್ಯಾರಿಸ್‌ನವಳು ಸಮಾಧಾನ ಮಾಡಿದಳು. ಅಡುಗೆ ಮಾಡುವವರೂ ಕೂತು ಉಣ್ಣಬೇಕು, ಒಂದು ಗಳಿಗೆ ಬೆನ್ನು ಚಾಚಬೇಕು ಅಂತ ವಿವರಿಸಿದಳು. ಅದು ಸರಿಯಾದ ಮಾತು. ದುಡಿಯುವವರ ಹೊತ್ತಿಗೆ ಗಿರಾಕಿಯೂ ಹೊಂದಿಕೊಳ್ಳಬೇಕು ಅನ್ನುವುದು ನನಗೆ ಆಮೇಲೆ ತುಂಬ ಹಿಡಿಸಿತು.

ಹಳೇ ಊರಿನಲ್ಲಿ ನನಗೆ ಇಷ್ಟವಾದದ್ದು ತ್ರಾಬೂಲ್‌ಗಳು. ಬೀದಿ ಕಡೆ ಒಂದು ಮಾಮೂಲಿ ಬಾಗಿಲು. ದೂಡಿದರೆ ಕತ್ತಲ ಓಣಿ. ಮುಂದೆ ಹೋದರೆ ಯಾರದೋ ಮನೆಯ ಅಂಗಳ, ಸುರುಳಿ ಮೆಟ್ಟಿಲು, ತೊಟ್ಟಿಲಷ್ಟು ಆಕಾಶ. ಮತ್ತೆ ಓಣಿ. ಹೊರಗೆ ಬಂದರೆ ಹಿಂದಿನ ಬೀದಿಯಲ್ಲಿ ಇರುತ್ತೀರಿ. ಊರಲ್ಲಿ ಇಂಥವು 400ರಷ್ಟು ಇವೆಯಂತೆ, ಜನ ಓಡಾಡಲು ಬಿಟ್ಟಿರುವುದು 40ರಷ್ಟು. ಮೇಲೆ ಮನೆಗಳಿವೆ, ಸಂಸಾರಗಳಿವೆ, ಆದ್ದರಿಂದ ಸದ್ದು ಮಾಡದೆ ನಡೆಯಬೇಕು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಹೋರಾಡುತ್ತಿದ್ದವರು ಈ ಓಣಿಗಳಲ್ಲಿ ತಪ್ಪಿಸಿಕೊಳ್ಳುತ್ತಿದ್ದರು. ಅದಕ್ಕೂ ಮೊದಲು ಕ್ರುವಾ ರೂಸ್ ಗುಡ್ಡದ ನೇಕಾರರು ನೇಯ್ದ ರೇಷ್ಮೆಯನ್ನು ಹೆಗಲ ಮೇಲೆ ಹೊತ್ತು, ಮಳೆ ಬಂದರೂ ನೆನೆಯದ ಹಾಗೆ, ಇಂಥ ಓಣಿಗಳ ಒಳಗಿಂದ ಇಳಿಯುತ್ತಿದ್ದರು. ಇದನ್ನು ಕೇಳಿದಾಗ ನನಗೆ ಅಪ್ಪನ ಸೈಕಲ್ಲು ನೆನಪಾಯಿತು. ಕ್ಯಾರಿಯರ್ ಮೇಲೆ ಸೀರೆ ಗಂಟು, ಅದರ ಸುತ್ತ ಎರಡು ಸುತ್ತು ಪ್ಲಾಸ್ಟಿಕ್ ಹಾಳೆ. ತಾನು ನೆಂದರೂ ಪರವಾಗಿಲ್ಲ, ಸೀರೆ ನೆನೆಯಬಾರದು. ನೆಂದರೆ ಕೂಲಿಯಲ್ಲಿ ಹಿಡಿದುಕೊಳ್ಳುತ್ತಾರೆ. ಇದನ್ನು ಆವತ್ತು ಗೆಳತಿಯರಿಗೆ ಹೇಳಲಿಲ್ಲ.

ಆ ಸದ್ದು

ಮರುದಿನ ಬೆಳಿಗ್ಗೆ ದುಡಿಮೆಯ ಗುಡ್ಡ. ಹಲ್ಲುಗಾಲಿಯ ಮೇಲೆ ಕಡಿದಾಗಿ ಹತ್ತುವ ಮೆಟ್ರೋ ಹಿಡಿದು ಮೇಲೆ ಹೋದೆವು. ಅಲ್ಲಿನ ಚೌಕದಲ್ಲಿ ಒಂದು ಪ್ರತಿಮೆ. ಯಾರದು ಅಂತ ಮಂಗಳೂರಿನವಳು ಫಲಕ ಓದುತ್ತಿದ್ದಳು. ನನಗೆ ಓದುವುದೇ ಬೇಕಾಗಲಿಲ್ಲ. ಜಕಾರ್ಡ್! ಈ ಹೆಸರು ನನಗೆ ಅಪ್ಪ, ಅಮ್ಮ ಅನ್ನುವ ಮಾತುಗಳ ಜೊತೆಗೇ ಬಂದದ್ದು. ನಮ್ಮ ಬೀದಿಯಲ್ಲಿ ಜಕಾರ್ಡ್ ಅಂದರೆ ಮಗ್ಗದ ಮೇಲೆ ಕೂರಿಸುವ ಯಂತ್ರ. "ಜಕಾರ್ಡ್ ಕೆಟ್ಟೋಯ್ತು", "ಜಕಾರ್ಡ್‌ಗೆ ಎಣ್ಣೆ ಬಿಡು", ಹೀಗೆ. ಅದೊಬ್ಬ ಮನುಷ್ಯನ ಹೆಸರು ಅಂತ ಕಾಲೇಜಿನಲ್ಲಿ ಕಂಪ್ಯೂಟರ್ ಇತಿಹಾಸದ ಪಾಠ ಬರುವವರೆಗೂ ನನಗೆ ಗೊತ್ತಿರಲಿಲ್ಲ. ಜೋಸೆಫ್ ಮರೀ ಜಕಾರ್ಡ್ 1752ರಲ್ಲಿ ಇದೇ ಲಿಯಾನ್‌ನಲ್ಲಿ ನೇಕಾರರ ಮನೆಯಲ್ಲಿ ಹುಟ್ಟಿದವನು. 1804ರ ಹೊತ್ತಿಗೆ ಅವನ ಯಂತ್ರ ಸಿದ್ಧವಾಯಿತು. ರಟ್ಟಿನ ಹಾಳೆಗಳಲ್ಲಿ ತೂತು. ತೂತು ಇದ್ದ ಕಡೆ ಹಾಸಿನ ಎಳೆ, ಅಂದರೆ ಉದ್ದಕ್ಕೆ ಬರುವ ಎಳೆ, ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಒಂದು ಹಾಳೆಗೆ ಒಂದು ಹೊಕ್ಕು, ಅಂದರೆ ಅಡ್ಡಕ್ಕೆ ಓಡುವ ಒಂದು ಎಳೆ. ಹೀಗೆ ಹಾಳೆ ಬದಲಾದ ಹಾಗೆ ಬಟ್ಟೆಯ ಮೇಲೆ ಹೂವು ಅರಳುತ್ತದೆ. ಅವನು ತೀರಿಕೊಂಡ ಮೇಲೆ, 1839ರಲ್ಲಿ, ಲಿಯಾನ್‌ನವರು ಅವನದೇ ಭಾವಚಿತ್ರವನ್ನು ಅವನದೇ ಯಂತ್ರದಲ್ಲಿ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದ ಹಾಳೆಗಳು ಸುಮಾರು 24,000. ಕಂಪ್ಯೂಟರಿನ ಅಜ್ಜನಂಥ ಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಆ ಭಾವಚಿತ್ರದ ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡಿದ್ದ. ತನ್ನ ಯಂತ್ರಕ್ಕೂ ತೂತಿನ ಹಾಳೆಗಳನ್ನೇ ಆರಿಸಿಕೊಂಡ.

ಹತ್ತಿರದಲ್ಲೇ ಕಾನ್ಯೂಗಳ ಮನೆ ಅನ್ನುವ ವಸ್ತುಸಂಗ್ರಹಾಲಯ ಇದೆ. ಲಿಯಾನ್‌ನಲ್ಲಿ ರೇಷ್ಮೆ ನೇಕಾರರಿಗೆ ಕಾನ್ಯೂ ಅನ್ನುತ್ತಾರೆ. ಒಳಗೆ ಕೈಮಗ್ಗಗಳಿವೆ, ಈಗಲೂ ನೇಯ್ದು ತೋರಿಸುತ್ತಾರೆ. ಮೊದಲು ನನ್ನ ಕಣ್ಣು ಹೋದದ್ದು ರಟ್ಟಿನ ಹಾಳೆಗಳ ಮೇಲೆ. ಉದ್ದುದ್ದ ಪಟ್ಟಿಗಳು, ಹುರಿಯಲ್ಲಿ ಒಂದಕ್ಕೊಂದು ಕಟ್ಟಿ, ಮಾಲೆಯ ಹಾಗೆ ಇಳಿಬಿಟ್ಟಿದ್ದರು. ಅಂಚು ಕೈ ತಾಗಿ ತಾಗಿ ಕಪ್ಪಾಗಿತ್ತು. ಹುರಿ ಹಾಕಿದ ತೂತುಗಳ ಸುತ್ತ ರಟ್ಟು ಸವೆದು ನಾರು ನಾರಾಗಿತ್ತು. ನಮ್ಮ ಮನೆಯಲ್ಲಿ ಡಿಸೈನ್ ಬದಲಾದಾಗ ಹಳೇ ಹಾಳೆಗಳು ನಮ್ಮ ಆಟಕ್ಕೆ ಬರುತ್ತಿದ್ದವು. ನಾನೂ ತಮ್ಮನೂ ಅವುಗಳನ್ನು ಕಣ್ಣಿಗೆ ಹಿಡಿದು ಬಲ್ಬ್ ನೋಡುತ್ತಿದ್ದೆವು. ಗೋಡೆಯ ಮೇಲೆ ಬೆಳಕಿನ ಚುಕ್ಕಿಗಳು ಬೀಳುತ್ತಿದ್ದವು. ಆ ಚುಕ್ಕಿಗಳಲ್ಲಿ ಒಂದು ಸಾಲು ಹಂಸದ ಕೊಕ್ಕು, ಇನ್ನೊಂದು ಸಾಲು ಮಾವಿನಕಾಯಿಯ ತೊಟ್ಟು ಅಂತ ಅಪ್ಪ ತೋರಿಸುತ್ತಿದ್ದರು.

ಮಗ್ಗದ ಮುಂದೆ ಕೂತ ಹೆಂಗಸು ಕಾಲುಮಣೆ ತುಳಿದಳು. ಲಾಳಿ ಓಡಿತು. ಹಲಗೆ ಬಡಿಯಿತು. ಆ ಸದ್ದಿಗೆ ಲಿಯಾನ್‌ನವರು ಒಂದು ಹೆಸರೇ ಇಟ್ಟಿದ್ದಾರೆ, ಬಿಸ್ತಾಂಕ್ಲಾಕ್‌ಪಾಂ. ತುಳಿ, ಓಡು, ಬಡಿ, ಮೂರೂ ಆ ಹೆಸರಿನೊಳಗೆ ಇವೆ. ನನ್ನ ಕಾಲು ಚಪ್ಪಲಿಯೊಳಗೇ ತಾಳ ಹಾಕತೊಡಗಿತ್ತು. ನಾನು ಗೊತ್ತಿಲ್ಲದೆಯೇ ಗೆಳತಿಯರಿಗೆ ಹೇಳಲು ಶುರು ಮಾಡಿದ್ದೆ. ಇದು ಹಾಸು, ಉದ್ದಕ್ಕೆ ಬರೋದು. ಇದು ಹೊಕ್ಕು. ಲಾಳಿಯೊಳಗೆ ಇರೋದು ಕಂಡಿಕೆ, ನಾನು ಶಾಲೆಯಿಂದ ಬಂದು ಅದನ್ನು ಸುತ್ತಿ ಕೊಡ್ತಿದ್ದೆ. ಎಳೆ ಹರಿದ್ರೆ ಹೀಗೆ ಎರಡು ಬೆರಳಲ್ಲಿ ಹೊಸೆದು ಸೇರಿಸ್ಬೇಕು, ಗಂಟು ಕಾಣಬಾರದು. ಹೇಳುತ್ತಾ ಹೇಳುತ್ತಾ ನೋಡಿದರೆ ಮೂವರೂ ಮಗ್ಗ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮಂಗಳೂರಿನವಳು ಮೆಲ್ಲಗೆ ಕೇಳಿದಳು. "ಆವತ್ತು ದೊಡ್ಡಬಳ್ಳಾಪುರದಲ್ಲಿ ಕೇಳಿದ ಸದ್ದು ಇದೇ ಅಲ್ವಾ ಮಾರಾಯ್ತಿ?"

ಆವತ್ತು ಅಂದರೆ ಹದಿನಾಲ್ಕು ವರ್ಷದ ಹಿಂದೆ. ಎರಡನೇ ವರ್ಷದ ಪರೀಕ್ಷೆ ಮುಗಿಸಿ ಹಾಸ್ಟೆಲ್ ಹುಡುಗಿಯರೆಲ್ಲ ಮಾಕಳಿದುರ್ಗ ಹತ್ತಲು ಹೋಗಿದ್ದೆವು. ವಾಪಸ್ ಬರುವಾಗ ದೊಡ್ಡಬಳ್ಳಾಪುರದಲ್ಲಿ ಇಳಿದೆವು. ಎಲ್ಲರಿಗೂ ಹಸಿವು. "ನಿಮ್ಮನೆ ಇಲ್ಲೇ ಅಲ್ವಾ, ಹೋಗೋಣ" ಅಂದರು. ನಾನು "ಮನೇಲಿ ಯಾರೂ ಇಲ್ಲ, ಎಲ್ಲರೂ ಊರಿಗೆ ಹೋಗಿದಾರೆ" ಅಂದೆ. ಸುಳ್ಳು. ಅಪ್ಪ ಮಗ್ಗದ ಮೇಲಿದ್ದರು. ಅಮ್ಮ ಕಂಡಿಕೆ ಸುತ್ತುತ್ತಿದ್ದಳು. ಮನೆ ಅಂದರೆ ಒಂದು ಹಾಲು, ಒಂದು ಅಡುಗೆಮನೆ. ಹಾಲಿನ ಮುಕ್ಕಾಲು ಭಾಗ ಮಗ್ಗ, ಮಿಕ್ಕ ಜಾಗದಲ್ಲಿ ನಾವು. ಬಂದವರಿಗೆ ಕೂರಲು ಕುರ್ಚಿ ಇರಲಿಲ್ಲ, ಮಾತಾಡಿದರೆ ಕೇಳಿಸುತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅಲ್ಲಿಂದ ನಮ್ಮ ಮನೆ ಮೂರು ಬೀದಿ. ಸುತ್ತಲೂ ಮಗ್ಗದ ಸದ್ದು. "ಏನೇ ಅದು ಟಕಾ ಟಕಾ ಅಂತ?" ಅಂತ ಯಾರೋ ಕೇಳಿದರು. "ಯಾವುದೋ ಫ್ಯಾಕ್ಟರಿ" ಅಂದೆ. ಆ ಸದ್ದಿನಲ್ಲಿ ನಮ್ಮಪ್ಪನ ಮಗ್ಗದ್ದೂ ಸೇರಿತ್ತು. ಕೇಳಿದವಳು ಯಾರು ಅಂತ ನನಗೆ ಮರೆತೇ ಹೋಗಿತ್ತು. ಅವಳೇ. ಹದಿನಾಲ್ಕು ವರ್ಷ ಅವಳು ಆ ಸದ್ದನ್ನು ನೆನಪಿಟ್ಟಿದ್ದಳು.

"ಹೌದು, ಇದೇ. ಅದು ನಮ್ಮನೆ" ಅಂದೆ. ಅವಳು ಮತ್ತೇನೂ ಕೇಳಲಿಲ್ಲ. ನನ್ನ ತೋಳು ಹಿಡಿದುಕೊಂಡು ನಿಂತಳು.

ಎತ್ತರದ ಸೂರು

ಮಧ್ಯಾಹ್ನ ಪೂರ್ತಿ ಆ ಗುಡ್ಡದಲ್ಲೇ ಅಲೆದೆವು. ಅಲ್ಲಿನ ಮನೆಗಳ ಕಿಟಕಿಗಳು ವಿಪರೀತ ಉದ್ದ. ಒಂದೊಂದು ಅಂತಸ್ತೂ 4 ಮೀಟರ್ ಎತ್ತರ, ಅಂದರೆ 13 ಅಡಿ. ಶ್ರೀಮಂತಿಕೆಗೆ ಕಟ್ಟಿದ್ದಲ್ಲ ಅದು. ಜಕಾರ್ಡ್ ಕೂರಿಸಿದ ಮಗ್ಗ ಅಷ್ಟು ಎತ್ತರ ಇರುತ್ತಿತ್ತು, ನೇಯುವವನಿಗೆ ಬೆಳಕೂ ಬೇಕಿತ್ತು. ಮಗ್ಗ ನಿಂತ ಮೇಲೆ ಉಳಿದ ಮೂಲೆಯಲ್ಲಿ ಒಲೆ, ಅದರ ಮೇಲೊಂದು ಮರದ ಅಟ್ಟ, ಆ ಅಟ್ಟದ ಮೇಲೆ ಗಂಡ ಹೆಂಡತಿ ಮಕ್ಕಳ ನಿದ್ದೆ. ನಮ್ಮ ಅಜ್ಜನ ಕಾಲದ ಮನೆಯಲ್ಲಿ ಇದೇ ಸಮಸ್ಯೆಗೆ ಬೇರೆ ಉಪಾಯ ಮಾಡಿದ್ದರು. ಸೂರು ಗಿಡ್ಡ, ಎತ್ತರಿಸಲು ದುಡ್ಡಿಲ್ಲ. ಹಾಗಾಗಿ ನೆಲ ಅಗೆದರು. ಕುಣಿ ಮಗ್ಗ. ಅಜ್ಜ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ಮಳೆಗಾಲದಲ್ಲಿ ಕುಣಿಯೊಳಗೆ ತೇವ ಏರಿ ಅವರ ಮಂಡಿ ಹಿಡಿದುಕೊಳ್ಳುತ್ತಿತ್ತು. ಅಲ್ಲಿ ಆಕಾಶದ ಕಡೆ ಹೋದರು, ಇಲ್ಲಿ ಭೂಮಿಯ ಕಡೆ ಹೋದರು. ಎರಡೂ ಕಡೆ ಮಗ್ಗಕ್ಕೆ ಬೇಕಾದ ಜಾಗ ಮೊದಲು, ಮನುಷ್ಯರ ಜಾಗ ಆಮೇಲೆ.

ಕೂಲಿಯ ಕಥೆಯೂ ಒಂದೇ. ಲಿಯಾನ್‌ನಲ್ಲಿ ವ್ಯಾಪಾರಿ ರೇಷ್ಮೆ ಕೊಡುತ್ತಿದ್ದ, ಡಿಸೈನ್ ಕೊಡುತ್ತಿದ್ದ. ನೇಕಾರ ತನ್ನ ಮನೆಯಲ್ಲಿ, ತನ್ನ ಮಗ್ಗದಲ್ಲಿ ನೇಯ್ದು, ಅಳತೆಗೆ ಇಷ್ಟು ಅಂತ ಕೂಲಿ ತೆಗೆದುಕೊಳ್ಳುತ್ತಿದ್ದ. ದೊಡ್ಡಬಳ್ಳಾಪುರದಲ್ಲಿ ಮಾಲಿಕ ಹಾಸು ಕೊಡುತ್ತಾನೆ, ನಾವು ಸೀರೆಗೆ ಇಷ್ಟು ಅಂತ ಕೂಲಿ ತರುತ್ತೇವೆ. ಇನ್ನೂರು ವರ್ಷದ ಆಚೆ ಈಚೆ ಒಂದಕ್ಷರ ಬದಲಾಗಿಲ್ಲ. 1831ರಲ್ಲಿ ಕಾನ್ಯೂಗಳು ಕೂಲಿಗೆ ಒಂದು ಕನಿಷ್ಠ ದರ ಇರಲಿ ಅಂತ ಕೇಳಿದರು. ಸರ್ಕಾರದ ಅಧಿಕಾರಿಯ ಎದುರು ಒಪ್ಪಂದವೂ ಆಯಿತು. ಆಮೇಲೆ ಎಷ್ಟೋ ವ್ಯಾಪಾರಿಗಳು ಕೊಡುವುದಿಲ್ಲ ಅಂದರು. ನವೆಂಬರಿನಲ್ಲಿ ನೇಕಾರರು ಇದೇ ಗುಡ್ಡದಿಂದ ಕಪ್ಪು ಬಾವುಟ ಹಿಡಿದು ಇಳಿದರು. ದುಡಿದು ಬದುಕುತ್ತೇವೆ, ಇಲ್ಲ ಹೋರಾಡಿ ಸಾಯುತ್ತೇವೆ ಅನ್ನುವುದು ಅವರ ಘೋಷಣೆ. ಕೆಲವು ದಿನ ಇಡೀ ಊರು ಅವರ ಕೈಯಲ್ಲಿತ್ತು. ಕೊನೆಗೆ 20,000 ಸೈನಿಕರು ಬಂದು ಊರನ್ನು ವಾಪಸ್ ತೆಗೆದುಕೊಂಡರು. ಒಪ್ಪಿದ ದರವೂ ರದ್ದಾಯಿತು. 1834ರಲ್ಲಿ ಮತ್ತೆ ಎದ್ದಾಗ ನೂರಾರು ಜನ ಸತ್ತರು. ವೊರಾಸ್ ಅಂಗಳ ಅನ್ನುವ ತ್ರಾಬೂಲ್‌ನಲ್ಲಿ ಆರಂತಸ್ತಿನ ದೊಡ್ಡ ಕಲ್ಲಿನ ಮೆಟ್ಟಿಲಿದೆ. ನಾವು ಹೋದಾಗ ಯಾರದೋ ಮನೆಯ ಕಿಟಕಿಯಲ್ಲಿ ಟವೆಲ್ಲು ಒಣಗುತ್ತಿತ್ತು. ಆ ಮೆಟ್ಟಿಲ ಮೇಲೆ ನಾನು ತುಂಬ ಹೊತ್ತು ಕೂತಿದ್ದೆ.

(ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. 1850ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಹುಳುಗಳಿಗೆ ಪೆಬ್ರಿನ್ ರೋಗ ಬಂದು ಬೆಳೆ ನೆಲಕಚ್ಚಿತು. 1865ರಲ್ಲಿ ಲೂಯಿ ಪಾಶ್ಚರ್ ಇದರ ಹಿಂದೆ ಬಿದ್ದರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುವುದು, ಇದು ಅವರು ಕಂಡುಕೊಂಡ ದಾರಿ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ನಮ್ಮ ಸೋದರಮಾವ ರೋಗವಿಲ್ಲದ ಮೊಟ್ಟೆ ತರುತ್ತಾರಲ್ಲ, ಅದರ ಹಿಂದೆ ಇರುವುದು ಇವತ್ತಿಗೂ ಅದೇ ಪರೀಕ್ಷೆ. ಮಾವನ ಹುಳು, ಅಪ್ಪನ ಮಗ್ಗ, ಎರಡಕ್ಕೂ ಈ ದೇಶದ ಒಂದು ಎಳೆ ತಗಲಿಕೊಂಡಿದೆ.)

ಬಟ್ಟಲು

ಲಿಯಾನ್‌ನ ಹಳೇ ಬಗೆಯ ಊಟದ ಮನೆಗೆ ಬುಶೋಂ ಅನ್ನುತ್ತಾರೆ. ಕೆಂಪು ಬಿಳಿ ಚೌಕಳಿಯ ಮೇಜುಬಟ್ಟೆ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು ಒತ್ತೊತ್ತಾದ ಮೇಜುಗಳು. ಈ ಸಲ ಏಳಕ್ಕೆ ಸರಿಯಾಗಿ ಹೋದೆವು. ಒಳಗೆ ಕಾಲಿಡುವ ಮೊದಲೇ ಬೊಂಜೂರ್ ಹೇಳಬೇಕು ಅಂತ ಪ್ಯಾರಿಸ್‌ನವಳು ನಮಗೆಲ್ಲ ಕಲಿಸಿದ್ದಳು. ಸಂಜೆಯಾದ್ದರಿಂದ ಬೊನ್‌ಸ್ವಾರ್. ಹಾಗೆ ಹೇಳಿದರೆ ಅವರ ಮುಖವೇ ಬದಲಾಗುತ್ತದೆ. ಮನೆಗೆ ಬಂದವರು ಬಾಗಿಲಲ್ಲಿ ಮಾತಾಡಿಸದೆ ಒಳಗೆ ನುಗ್ಗಿದರೆ ನಮಗೂ ಹಾಗೇ ಅಲ್ವಾ?

ಮಂಗಳೂರಿನವಳು ಮೀನು ಇದೆಯಾ ಅಂತ ನೋಡಿ ಕೆನೆಲ್ ತರಿಸಿದಳು. ಪೈಕ್ ಅನ್ನುವ ಸಿಹಿನೀರಿನ ಮೀನು, ಮೈತುಂಬ ಮುಳ್ಳು. ಅದರ ಮಾಂಸವನ್ನು ರುಬ್ಬಿ, ಮೊಟ್ಟೆ ಬೆಣ್ಣೆ ಹಿಟ್ಟು ಸೇರಿಸಿ, ಕಡುಬಿನ ಹಾಗೆ ಉದ್ದಕ್ಕೆ ಮಾಡಿ ಬೇಯಿಸುತ್ತಾರೆ. ಆಮೇಲೆ ಸಿಹಿನೀರಿನ ಸಿಗಡಿಯಂಥ ಜೀವಿಯ ಸಾರು ಹಾಕಿ ಒಲೆಯೊಳಗಿಟ್ಟರೆ ಉಬ್ಬಿ ಬರುತ್ತದೆ. ಚಮಚ ಇಟ್ಟರೆ ಉಸಿರು ಬಿಟ್ಟ ಹಾಗೆ ಕುಸಿಯಿತು. "ಮುಳ್ಳಿನ ಮೀನನ್ನು ಇಷ್ಟು ಮೆತ್ತಗೆ ಮಾಡ್ಲಿಕ್ಕೆ ಎಷ್ಟು ಕೆಲಸ ಉಂಟು ನೋಡು" ಅಂದಳು ಅವಳು. ಪಟ್ಟಿಯಲ್ಲಿ ಹಂದಿಯ ಕರುಳಿನ ಆಂದುಯೆತ್ ಇತ್ತು. ದನದ ಹೊಟ್ಟೆಯ ಭಾಗವನ್ನು ವೈನ್‌ನಲ್ಲಿ ನೆನೆಸಿ ಬ್ರೆಡ್ ಪುಡಿ ಹಚ್ಚಿ ಕರಿದದ್ದೂ ಇತ್ತು. ನಾನು ದನದ ಮಾಂಸ ತಿನ್ನುವುದಿಲ್ಲ, ಅದನ್ನು ತರಿಸಲಿಲ್ಲ. ಆದರೆ ಅದೇನು ಅಂತ ಕೇಳಿದ ತಕ್ಷಣ ಅರ್ಥವಾಯಿತು. ನಮ್ಮನೆಯಲ್ಲಿ ಭಾನುವಾರ ಆಗುವುದು ಬೋಟಿ. ಒಳ್ಳೇ ಮಾಂಸ ಕೊಳ್ಳಲಾಗದವರು ಉಳಿದ ಭಾಗವನ್ನು ತಂದು, ತಿಕ್ಕಿ ತಿಕ್ಕಿ ತೊಳೆದು, ಮಸಾಲೆ ಹಾಕಿ ರುಚಿ ಮಾಡುವುದು. ಇಲ್ಲಿ ಆ ಅಡುಗೆಯನ್ನೇ ಹುಡುಕಿಕೊಂಡು ಜನ ಬೇರೆ ಬೇರೆ ದೇಶದಿಂದ ಬರುತ್ತಾರೆ. ಅದಕ್ಕೆ ಕಾರಣರಾದವರು ಲಿಯಾನ್‌ನ ಅಮ್ಮಂದಿರು. ಅವರನ್ನು ಕರೆಯುವುದೇ ಹಾಗೆ. ದೊಡ್ಡವರ ಮನೆಗಳಲ್ಲಿ ಅಡುಗೆ ಕೆಲಸಕ್ಕಿದ್ದ ಹೆಂಗಸರು ಹೊರಗೆ ಬಂದು ತಮ್ಮದೇ ಊಟದ ಮನೆ ತೆರೆದರು. ಅವರಲ್ಲಿ ಒಬ್ಬರಾದ ಯೂಜೆನಿ ಬ್ರಾಝಿಯೇ ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿದವರು. 1921ರಲ್ಲಿ ಲಿಯಾನ್‌ನಲ್ಲಿ ಊಟದ ಮನೆ ತೆರೆದರು. 1933ರಲ್ಲಿ ಅವರ ಎರಡು ಊಟದ ಮನೆಗಳಿಗೆ ಒಳ್ಳೇ ಊಟದ ಮನೆಗಳಿಗೆ ಮಿಶೆಲಿನ್ ಕೈಪಿಡಿ ಕೊಡುವ ನಕ್ಷತ್ರ ಮೂರು ಮೂರು ಬಂತು. ಒಟ್ಟು ಆರು. ಅದಕ್ಕೆ ಮೊದಲು ಗಂಡಸರಿಗೂ ಯಾರಿಗೂ ಅಷ್ಟು ಬಂದಿರಲಿಲ್ಲ. ಪಾಲ್ ಬೋಕ್ಯೂಸ್ ಅಂಥ ಹೆಸರಾಂತ ಬಾಣಸಿಗ ಕೆಲಸ ಕಲಿತದ್ದು ಇವರ ಅಡುಗೆಮನೆಯಲ್ಲಿ.

ಧಾರವಾಡದವಳು ಅಪ್ಪಟ ಸಸ್ಯಾಹಾರಿ. ಈ ಪಟ್ಟಿ ಅವಳಿಗೆ ನಿಜಕ್ಕೂ ಕಷ್ಟ. ಲಿಯಾನ್ ಸಲಾಡ್ ಅಂದರೂ ಅದರೊಳಗೆ ಹಂದಿಮಾಂಸದ ಚೂರು, ಮೇಲೊಂದು ಮೊಟ್ಟೆ. ಎರಡನ್ನೂ ತೆಗೆದರೆ ಉಳಿಯುವುದು ಎಲೆ. ಅವಳು ಬೇಜಾರು ತೋರಿಸದೆ ಆಲೂಗಡ್ಡೆಯನ್ನು ಕೆನೆಯಲ್ಲಿ ಬೇಯಿಸಿದ ಗ್ರಾತಾಂ ತರಿಸಿಕೊಂಡಳು. ಆಗ ಬಡಿಸುತ್ತಿದ್ದ ಹೆಂಗಸು, ವಯಸ್ಸು ಅರವತ್ತರ ಹತ್ತಿರ ಇರಬಹುದು, ಪ್ಯಾರಿಸ್‌ನವಳಿಗೆ ಏನೋ ಹೇಳಿ ಒಳಗೆ ಹೋದಳು. ಬರುವಾಗ ಆ ಬಟ್ಟಲು ತಂದಳು.

ಧಾರವಾಡದವಳು ಬ್ರೆಡ್ಡಿಗೆ ಹಚ್ಚಿ ಒಂದು ತುತ್ತು ತಿಂದಳು. "ಅಯ್ಯ, ಇದು ನಮ್ಮ ಮೊಸರಬಜ್ಜಿ ಇದ್ದಂಗ ಅದಲೇ!" ಅಂದಳು. ನಾನೂ ತಿಂದೆ. ಗಟ್ಟಿ ಮೊಸರಿನ ಹುಳಿ. ಹಿಂದಿನಿಂದ ಹಸಿ ಈರುಳ್ಳಿ, ಬೆಳ್ಳುಳ್ಳಿಯ ಕಾರ. ತಣ್ಣಗೆ. ನನಗೆ ಮೊಸರುಬಜ್ಜಿ ನೆನಪಾಗಲಿಲ್ಲ. ಬೆಳಗಿನ ಹತ್ತು ಗಂಟೆ ನೆನಪಾಯಿತು. ಅಪ್ಪ ಐದಕ್ಕೇ ಮಗ್ಗದ ಮೇಲೆ ಕೂತಿರುತ್ತಾರೆ. ಹತ್ತಕ್ಕೆ ಇಳಿದು, ರಾತ್ರಿ ಉಳಿದ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು, ಜೊತೆಗೆ ಹಸಿ ಈರುಳ್ಳಿ ಕಚ್ಚಿಕೊಂಡು ಕುಡಿಯುತ್ತಾರೆ. ಆಮೇಲೆ ಮಧ್ಯಾಹ್ನದವರೆಗೆ ಅವರಿಗೆ ಬೇರೇನೂ ಬೇಡ. ರುಚಿ ಒಂದೇ ಅಲ್ಲ, ಸರಿ. ಆದರೆ ಹುಳಿ, ತಂಪು, ಈರುಳ್ಳಿ, ಈ ಮೂರು ಸೇರಿದಾಗ ನಾಲಿಗೆಗೆ ತಿಳಿಯುವುದು ತಿಳಿಯುತ್ತದೆ.

"ಇದರ ಹೆಸರೇನು?" ಅಂತ ಕೇಳಿದೆ. "ಸೆರ್ವೆಲ್ ದ ಕಾನ್ಯೂ" ಅಂದಳು ಪ್ಯಾರಿಸ್‌ನವಳು. ಒಂದು ಕ್ಷಣ ತಡೆದು, "ನೇಕಾರನ ಮಿದುಳು" ಅಂತ ಕನ್ನಡದಲ್ಲಿ ಹೇಳಿದಳು. ಯಾಕೆ ಹಾಗೆ ಹೆಸರು ಅಂತ ಬಡಿಸುವಾಕೆಯನ್ನು ಕೇಳಿದೆವು. ನೇಕಾರರು ಬಡವರು, ಕುರಿಯ ಮಿದುಳು ಕೊಳ್ಳಲು ಆಗುತ್ತಿರಲಿಲ್ಲ, ಅದಕ್ಕೆ ಬದಲಾಗಿ ಇದನ್ನು ತಿನ್ನುತ್ತಿದ್ದರು ಅಂತ ಒಂದು ಮಾತು. ನೇಕಾರರ ತಲೆಯಲ್ಲಿ ಇರುವುದು ಇಷ್ಟೇ ಅಂತ ಸಾಹುಕಾರರು ಹಂಗಿಸಿ ಇಟ್ಟ ಹೆಸರು ಅಂತ ಇನ್ನೊಂದು ಮಾತು. ಆಕೆ ಎರಡನೆಯದನ್ನು ಹೇಳುವಾಗ ತನ್ನ ಹಣೆಗೆ ಬೆರಳಿಂದ ತಟ್ಟಿ ತೋರಿಸಿದಳು. ಕಾನ್ಯೂಗಳು ನಸುಕಿನಲ್ಲಿ ಮಗ್ಗಕ್ಕೆ ಕೂತು, ಕೆಲವು ತಾಸು ದುಡಿದ ಮೇಲೆ ಬೆಳಿಗ್ಗೆಯೇ ಗಟ್ಟಿಯಾಗಿ ತಿನ್ನುತ್ತಿದ್ದರು, ಆ ಊಟಕ್ಕೆ ಮಾಶೋಂ ಅಂತ ಹೆಸರು, ಈಗಲೂ ಊರಿನಲ್ಲಿ ಅದನ್ನು ಬಿಟ್ಟಿಲ್ಲ ಅಂತಲೂ ಹೇಳಿದಳು.

ಗಂಟಲು ಕಟ್ಟಿದ್ದು ಆಗ. ಆ ಊರು ತನ್ನ ನೇಕಾರರಿಗೆ ಸರಿಯಾದ ಕೂಲಿ ಕೊಡಲಿಲ್ಲ. ಕೇಳಿದಾಗ ಸೈನ್ಯ ಬಂತು. ಆದರೆ ಅವರು ತಿಂದದ್ದನ್ನು, ಹಂಗಿಸಿದ ಹೆಸರಿನ ಸಮೇತ, ಇವತ್ತು ಬಟ್ಟಲಿನಲ್ಲಿಟ್ಟು ಹೆಮ್ಮೆಯಿಂದ ತಂದು ಕೊಡುತ್ತದೆ. ಇದರಿಂದ ಆ ಕೂಲಿಯ ಲೆಕ್ಕ ಚುಕ್ತಾ ಆಗುವುದಿಲ್ಲ, ಅದು ನನಗೆ ಗೊತ್ತು. ಆದರೂ ಮರೆತಿಲ್ಲ. ನಾನು ಮರೆಸಲು ನೋಡಿದ್ದೆ. ಬೆಂಗಳೂರಿನಿಂದ 40 ಕಿಲೋಮೀಟರ್ ದೂರದ ನಮ್ಮ ಮನೆಗೆ ಇವರನ್ನು ಒಂದು ಸಲವೂ ಕರೆದಿರಲಿಲ್ಲ. ಸಮುದ್ರ ದಾಟಿ ಬಂದು, ಬೇರೆ ನೇಕಾರರ ಬೆಳಗಿನ ಊಟವನ್ನು ಇವರ ಜೊತೆ ಕೂತು ಉಣ್ಣುತ್ತಿದ್ದೆ. ಇಷ್ಟನ್ನು ಆವತ್ತು ಹೀಗೆ ಜೋಡಿಸಿ ಹೇಳಲು ಬರಲಿಲ್ಲ. "ಅಪ್ಪ ಬೆಳಿಗ್ಗೆ ಇಂಥದ್ದೇ ತಿಂತಾರೆ. ಆವತ್ತು ನಾನು ಸುಳ್ಳು ಹೇಳಿದೆ ಕಣ್ರೇ, ಎಲ್ಲರೂ ಮನೇಲೇ ಇದ್ರು" ಅಂದೆ. ಮೇಜಿನ ಮೇಲೆ ಯಾರೂ ಮಾತಾಡಲಿಲ್ಲ. ಧಾರವಾಡದವಳು ಬಟ್ಟಲನ್ನು ನನ್ನ ಕಡೆ ಸರಿಸಿದಳು. ಕೊನೆಗೆ ಗುಲಾಬಿ ಬಣ್ಣದ ಬಾದಾಮಿ ಮಿಠಾಯಿಯ ಟಾರ್ಟ್ ಬಂತು. ಜಾತ್ರೆಯ ಮಿಠಾಯಿಯಷ್ಟೇ ಗಾಢ ಬಣ್ಣ, ಅಷ್ಟೇ ಸಿಹಿ. ಅದನ್ನು ನಾಲ್ಕು ಪಾಲು ಮಾಡುವ ಹೊತ್ತಿಗೆ ಮಂಗಳೂರಿನವಳು ಫೋನಿನಲ್ಲಿ ಕ್ಯಾಲೆಂಡರ್ ತೆಗೆದಿದ್ದಳು. "ಯಾವ ಭಾನುವಾರ ಬರ್ಲಿ ಹೇಳು."

ಭಾನುವಾರ

ಡಿಸೆಂಬರಿನಲ್ಲಿ ಇಬ್ಬರು ಬಂದರು. ಪ್ಯಾರಿಸ್‌ನವಳಿಗೆ ರಜೆ ಸಿಗಲಿಲ್ಲ. ಈಗ ನಮ್ಮ ಮನೆ ಸ್ವಲ್ಪ ದೊಡ್ಡದಾಗಿದೆ. ಹಿಂದುಗಡೆ ಶೀಟಿನ ಶೆಡ್ಡು, ಅದರೊಳಗೆ ಎರಡು ಪವರ್‌ಲೂಮ್. ಬೀದಿಯಲ್ಲಿ ಎಷ್ಟೋ ಜನ ಕಂಪ್ಯೂಟರ್ ಜಕಾರ್ಡ್ ಹಾಕಿಸಿದ್ದಾರೆ, ಅಪ್ಪನ ಮಗ್ಗಗಳಲ್ಲಿ ಇನ್ನೂ ರಟ್ಟಿನ ಹಾಳೆಯೇ. ಅಪ್ಪನಿಗೆ ಲಿಯಾನ್ ಫೋಟೋಗಳನ್ನು ಮೊದಲೇ ತೋರಿಸಿದ್ದೆ. ಬಸಿಲಿಕಾವನ್ನು ಬೇಗ ದಾಟಿಸಿದರು. ಮಗ್ಗದ ಫೋಟೋ ಬಂದಾಗ ಕನ್ನಡಕ ತಂದು, ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಹುರಿ ಹೇಗೆ ಕಟ್ಟಿದ್ದಾರೆ, ಒಂದು ಹಾಳೆಗೆ ಎಷ್ಟು ಸಾಲು ತೂತು ಅಂತ ಎಣಿಸಿದರು. ಆಮೇಲೆ, "ಅಲ್ಲಿ ಕೂಲಿ ಎಷ್ಟಂತೆ?" ಅಂತ ಕೇಳಿದರು.

ಅಮ್ಮನಿಗೆ ಬೇರೆಯದೇ ಚಿಂತೆ. ಗೆಳತಿಯರು ಫೋನಿನಲ್ಲೇ ಹೇಳಿಬಿಟ್ಟಿದ್ದರು, ನಮಗೆ ಅಂಕಲ್ ಬೆಳಿಗ್ಗೆ ತಿನ್ನೋದೇ ಬೇಕು ಅಂತ. ಅಮ್ಮ ಒಪ್ಪಲೇ ಇಲ್ಲ. "ಮನೆಗೆ ಬಂದ ಹೆಣ್ಮಕ್ಕಳಿಗೆ ತಂಗಳು ಹಾಕೋದಾ? ನಿನಗೆ ಬುದ್ಧಿ ಇದೆಯಾ?" ಅಂದಳು. ಲಿಯಾನ್ ಬಟ್ಟಲಿನ ಕಥೆ ಹೇಳಿದೆ. "ಅವರ ಊರಲ್ಲಿ ಅವರು ಏನಾದ್ರೂ ಮಾಡ್ಕೊಳ್ಳಲಿ" ಅಂದಳು. ಅಮ್ಮ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ತಂಗಳು ಮುದ್ದೆ ಅವಳಿಗೆ ಕಥೆಯಲ್ಲ, ಬೇರೇನೂ ಇಲ್ಲದ ದಿನಗಳು ಅವಳಿಗೆ ಗೊತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಬ್ಬಟ್ಟು ಮಾಡಿದಳು, ಅವರೆಕಾಳು ಸಾರು ಮಾಡಿದಳು, ಚಿತ್ರಾನ್ನ ಮಾಡಿದಳು.

ಒಂಬತ್ತೂವರೆಗೆ ಅವರು ಬಂದಾಗ ಮಗ್ಗ ಓಡುತ್ತಿತ್ತು. ಮಾಲಿಕರಿಗೆ ಮರುದಿನ ಎರಡು ಸೀರೆ ಕೊಡಬೇಕಿತ್ತು, ಅದಕ್ಕೇ ಭಾನುವಾರವೂ ಕೆಲಸ. ಮಾತಾಡಲು ಅನುಕೂಲವಾಗಲಿ ಅಂತ ಅಪ್ಪ ಸ್ವಿಚ್ ಆರಿಸಲು ಹೋದರು. "ನಿಲ್ಲಿಸ್ಬೇಡಿ ಅಂಕಲ್, ಓಡ್ಲಿ" ಅಂದಳು ಮಂಗಳೂರಿನವಳು, ಜೋರಾಗಿ ಕೂಗಿ. ಅಪ್ಪ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಮಗ್ಗ ಓಡಿತು. ಧಾರವಾಡದವಳು ಅಡುಗೆಮನೆಗೆ ಹೋಗಿ ಅಮ್ಮನ ಜೊತೆ ಒಬ್ಬಟ್ಟು ತಟ್ಟಲು ಕೂತಳು.

ಹತ್ತು ಗಂಟೆಗೆ ಅಪ್ಪ ಎಂದಿನಂತೆ ಮಗ್ಗ ನಿಲ್ಲಿಸಿ, ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಒರಗಿ ಕೂತರು. ಅಮ್ಮ ಯಾರಿಗೂ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಅವರ ಸ್ಟೀಲ್ ಬೋಗುಣಿ ತಂದು ಇಟ್ಟು ಹೋದಳು. ಮಂಗಳೂರಿನವಳು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇಬ್ಬರೂ ಏನೂ ಮಾತಾಡಲಿಲ್ಲ. ಅಪ್ಪ ಒಂದು ಈರುಳ್ಳಿ ತೆಗೆದುಕೊಂಡು, ನೆಲದ ಮೇಲಿಟ್ಟು, ಮುಷ್ಟಿಯಿಂದ ಗುದ್ದಿ ಒಡೆದು, ಅರ್ಧ ಅವಳಿಗೆ ಕೊಟ್ಟರು.